ಹದಿನಾಲ್ಕು ಎಳನೀರು

ಕಾಯಿಲೆಯವರ ಮನೆಯ ಜಗಲಿಯ ಮೇಲೆ ಎಳನೀರು ಸಾಲಾಗಿ ಕೂತಿದ್ದವು. ಹದಿನಾಲ್ಕು. ಕೆಲವು ಅಂದೇ ಮರದಿಂದ ಇಳಿದವು, ಕೆಲವಕ್ಕೆ ತೊಟ್ಟು ಒಣಗಿತ್ತು. ಪಕ್ಕದಲ್ಲಿ ಎರಡು ಚಿಪ್ಪು ಬಾಳೆಹಣ್ಣು, ಹಾರ್ಲಿಕ್ಸ್ ಬಾಟಲಿಗಳು. ಮಂಗಳೂರಿನಲ್ಲಿ ನರ್ಸ್ ಆಗಿದ್ದು ಊರಿಗೆ ಮರಳಿದ್ದ ನಮ್ಮ ವಾಡೊದ, ಅಂದರೆ ಕೇರಿಯ, ಹೆಣ್ಣುಮಗಳೊಬ್ಬಳು ಚಪ್ಪಲಿ ಬಿಡುತ್ತ ಅದನ್ನು ನೋಡಿ ಅಲ್ಲೇ ನಿಂತಳು. "ಇದರಲ್ಲಿ ಎಷ್ಟು ಕುಡಿದರು?" ಎಂದು ಕೇಳಿದಳು. ಒಂದು ಕುಡಿದಿದ್ದರು, ಆ ಬೆಳಿಗ್ಗೆ. "ಇನ್ನೊಂದು ಕೊಡಬೇಡಿ. ಕಿಡ್ನಿ ಹೋದವರಿಗೆ ಇದು ವಿಷ."

ಎಳನೀರಿನಲ್ಲಿ ಪೊಟ್ಯಾಶಿಯಂ ಹೇರಳ, 100 ಮಿ.ಲೀ.ಗೆ ಸುಮಾರು 250 ಮಿಲಿಗ್ರಾಂ. ನಮ್ಮಂಥವರ ಮೂತ್ರಪಿಂಡ ಹೆಚ್ಚಾದದ್ದನ್ನು ಹೊರಗೆ ಹಾಕುತ್ತದೆ. ಡಯಾಲಿಸಿಸ್ ಮೇಲೆ ಬದುಕುವವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ತಪ್ಪಿಸುತ್ತದೆ, ಕೆಲವೊಮ್ಮೆ ನಿಲ್ಲಿಸಿಯೇ ಬಿಡುತ್ತದೆ. ಬಾಳೆಹಣ್ಣಿನದೂ ಅದೇ ಕಥೆ. ಕರಾವಳಿಯಲ್ಲಿ ಕಾಯಿಲೆಯವರನ್ನು ನೋಡಲು ಹೋಗುವಾಗ ಬರಿಗೈಲಿ ಹೋಗುವ ರೂಢಿಯಿಲ್ಲ. ಹಿತ್ತಲಲ್ಲಿ ಏನಿದೆಯೋ ಅದನ್ನು ಒಯ್ಯುತ್ತೇವೆ. ಆ ಹದಿನಾಲ್ಕರಲ್ಲಿ ಎರಡು ನನ್ನವು.

ಒಂದು ಕುಟುಂಬದ ಸುತ್ತ ನಮ್ಮ ಧರ್ಮಕೇಂದ್ರ ಒಂದು ವರ್ಷ ಏನು ಮಾಡಿತು, ಅದರಲ್ಲಿ ಏನು ತಪ್ಪಿತು, ಏನು ನಿಂತಿತು ಎಂಬುದನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ನಿವೃತ್ತ ಕನ್ನಡ ಶಾಲೆ ಮೇಷ್ಟ್ರು, ಇಗರ್ಜಿಯ (ಚರ್ಚಿನ) ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆಯ, ಅಂದರೆ ಬಡವರಿಗೆ ನೆರವಾಗುವ ಸಂಘದ, ಕಾರ್ಯದರ್ಶಿ. ಊರಿನ ಹೆಸರು, ಮನುಷ್ಯರ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಕಾಯಿಲೆಯವರನ್ನು 'ಮೇಸ್ತ್ರಿ' ಎಂದು ಕರೆಯುತ್ತೇನೆ, ಊರೂ ಹಾಗೇ ಕರೆಯುತ್ತದೆ. ಬರೆದದ್ದನ್ನು ಅವರಿಗೆ ಓದಿ ಹೇಳಿದೆ. "ಎಳನೀರು ನಿಮ್ಮದೂ ಇತ್ತು ಅಂತ ಸೇರಿಸಿ" ಎಂದರು. ಸೇರಿಸಿದ್ದೇನೆ.

ಮನೆ ಮತ್ತು ಕಾಯಿಲೆ

ನಮ್ಮ ಇಗರ್ಜಿ ಕುಮಟಾ ತಾಲೂಕಿನಲ್ಲಿ, ಗಂಗಾವಳಿ ಹೊಳೆಯ ದಕ್ಷಿಣಕ್ಕೆ. 1976ರಲ್ಲಿ ಬೆಳಗಾವಿಯಿಂದ ಬೇರೆಯಾದ ಕಾರವಾರ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಒಂದೇ ಧರ್ಮಪ್ರಾಂತ್ಯವಾದರೂ ಘಟ್ಟದ ಕೆಳಗೂ ಮೇಲೂ ಲೋಕ ಬೇರೆ. ಇಲ್ಲಿ ಪೂಜೆ, ತೇರ್ಸ್ (ಜಪಮಾಲೆ ಪ್ರಾರ್ಥನೆ), ಜಗಳ ಎಲ್ಲ ಕೊಂಕಣಿಯಲ್ಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಗೆ ಹೋದರೆ ಮರಾಠಿ ಕೇಳುತ್ತೀರಿ, ಸಿದ್ದಿಗಳ ಕೊಂಕಣಿ ಕೇಳುತ್ತೀರಿ, ಬಯಲುಸೀಮೆಯ ಕನ್ನಡ ಕೇಳುತ್ತೀರಿ. ಮೇಸ್ತ್ರಿ ನಮ್ಮೂರಿನವರು, ಹೆಂಡತಿ ಮುಂಡಗೋಡ ಕಡೆಯವರು. ಮದುವೆಯಾಗಿ ಬಂದು ಇಪ್ಪತ್ತು ವರ್ಷವಾದರೂ ಆಕೆಯ ಕೊಂಕಣಿ ಅಂಗಡಿ ವ್ಯವಹಾರಕ್ಕೆ ಸಾಕಾಗುವಷ್ಟೇ. ಇದು ಸಣ್ಣ ಸಂಗತಿ ಎಂದು ನಾವು ಇಪ್ಪತ್ತು ವರ್ಷ ಅಂದುಕೊಂಡಿದ್ದೆವು.

ಮೇಸ್ತ್ರಿಗೆ 52 ವರ್ಷ. ಬಾಗಿಲು, ಕಿಟಕಿ, ಮಂಚ ಮಾಡುತ್ತಾರೆ. ಇಗರ್ಜಿಯಲ್ಲಿ ಯಾರೇ ತೀರಿಕೊಂಡರೂ ಶವಪೆಟ್ಟಿಗೆ ಅವರದೇ. ಮರದ ದುಡ್ಡು ಮಾತ್ರ ತೆಗೆದುಕೊಳ್ಳುತ್ತಾರೆ, ಕೂಲಿ ಮುಟ್ಟುವುದಿಲ್ಲ. ಅವರ ತಂದೆಯೂ ಹಾಗೇ ಇದ್ದರು. ಹೆಂಡತಿ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ಮಗಳು ಆಗ ಪಿಯುಸಿ.

ಸಕ್ಕರೆ ಕಾಯಿಲೆ, ಬಿಪಿ ಎರಡೂ ಹಳೆಯವು. ಮಾತ್ರೆ ಮುಗಿದಾಗ ವಾರಗಟ್ಟಲೆ ತರುತ್ತಿರಲಿಲ್ಲ. 2024ರ ತಪಸ್ಸಿನ ಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಪಾದ ಊದಿತು, ನಿಂತು ಕೆಲಸ ಮಾಡಿ ಆಗಿದ್ದು ಎಂದುಕೊಂಡರು. ಶಿಲುಬೆ ಹಾದಿಯ ಪ್ರಾರ್ಥನೆಯ ಒಂದು ಶುಕ್ರವಾರ, ಅದರ ಹದಿನಾಲ್ಕು ಸ್ಥಳಗಳಲ್ಲಿ ಏಳನೆಯದರ ಹತ್ತಿರ ಮೊಣಕಾಲೂರಿದವರು ಏಳಲಾಗದೆ ಉಸಿರಿಗೆ ಒದ್ದಾಡಿದರು. ಉತ್ತರ ಕನ್ನಡದಲ್ಲಿ ದೊಡ್ಡ ಕಾಯಿಲೆ ಎಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಹೆದ್ದಾರಿಯಲ್ಲಿ ದಕ್ಷಿಣಕ್ಕೋ ಉತ್ತರಕ್ಕೋ ಕೂಗುತ್ತ ಓಡುವ ಆಂಬುಲೆನ್ಸ್ ನಮ್ಮ ದಿನಚರಿಯ ಸದ್ದು. ಒಂದು ದೂರದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಹತ್ತಿರದ ಡಯಾಲಿಸಿಸ್ ಘಟಕದಲ್ಲಿ ಪಾಳಿ ಖಾಲಿ ಇರಲಿಲ್ಲ, ಕಾರವಾರದಲ್ಲಿ ಸಿಕ್ಕಿತು: ಮಂಗಳವಾರ ಮತ್ತು ಶುಕ್ರವಾರ, ಪ್ರತಿ ಸಲ ನಾಲ್ಕು ತಾಸು.

ಬಡವರಿಗೆ ಡಯಾಲಿಸಿಸ್ ಉಚಿತ, 2016ರಿಂದ ಕೇಂದ್ರದ ಯೋಜನೆಯೇ ಇದೆ. ಅದನ್ನು ಕೇಳಿ ನಮಗೆಲ್ಲ ಸಮಾಧಾನವಾಗಿತ್ತು. ಉಚಿತವಾದದ್ದು ಯಂತ್ರದ ಹತ್ತಿರ ಮಲಗುವುದು. ಯಂತ್ರದ ತನಕ ಹೋಗುವುದು ಉಚಿತವಲ್ಲ. ಸುಮಾರು 60 ಕಿ.ಮೀ. ಹೋಗಿ, ಅಷ್ಟೇ ಬರಬೇಕು. ರೈಲಿನ ಹೊತ್ತು ಪಾಳಿಯ ಹೊತ್ತಿಗೆ ಹೊಂದಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಬಿಪಿ ಇಳಿದು ಕಣ್ಣು ಕತ್ತಲೆ ಬರುವವರು ಒಬ್ಬರೇ ಬಸ್ಸು ಹತ್ತುವ ಹಾಗಿಲ್ಲ. ಕಾರಿಗೆ ಒಂದು ಸಲಕ್ಕೆ ಎರಡೂವರೆ ಸಾವಿರ. ತಿಂಗಳಿಗೆ ಒಂಬತ್ತು ಸಲ.

ಮೊದಲ ತಿಂಗಳು

ಒಂದು ಭಾನುವಾರ ಪೂಜೆಯ ಕೊನೆಗೆ ಹೆಸರು ಹೇಳಿ ವಿಶೇಷ ಕಾಣಿಕೆ ಎತ್ತಿದರು. ಇಪ್ಪತ್ತಮೂರು ಸಾವಿರದಷ್ಟು ಬಂತು. ನಮ್ಮಂಥ ಸಣ್ಣ ಇಗರ್ಜಿಗೆ ಅದು ದೊಡ್ಡ ಮೊತ್ತ, ಎಲ್ಲರೂ ಹೆಮ್ಮೆಪಟ್ಟೆವು. ಮೇಲಿನ ಲೆಕ್ಕ ಗುಣಿಸಿ ನೋಡಿ: ಒಂದು ತಿಂಗಳ ಕಾರಿಗೆ ಸರಿಹೋಯಿತು. ಆದರೆ ಊರಿನ ಮನಸ್ಸಿನಲ್ಲಿ 'ಅವರಿಗೆ ಕೊಟ್ಟಾಗಿದೆ' ಎಂಬುದು ವರ್ಷವಿಡೀ ಉಳಿಯಿತು.

ಮಗಳು ಗಾಯನ ಮಂಡಳಿಗೆ ಬರುವುದನ್ನು ನಿಲ್ಲಿಸಿದಳು. ಪರೀಕ್ಷೆ ಇರಬಹುದು ಎಂದು ನಾವು ಅಂದುಕೊಂಡೆವು. ಎಷ್ಟೋ ತಿಂಗಳ ಮೇಲೆ ನರ್ಸಿನ ಹತ್ತಿರ ಅವಳು ಹೇಳಿದ್ದು ಇಷ್ಟು: ಕಾಣಿಕೆ ಎತ್ತಿದ ಮರು ವಾರ ಅವಳು ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದಳು, ವಿದ್ಯಾರ್ಥಿವೇತನದ ದುಡ್ಡಿನಲ್ಲಿ ಮೊದಲೇ ಕೊಂಡದ್ದು. ಪರಮಪ್ರಸಾದಕ್ಕೆ ಸಾಲಿನಲ್ಲಿ ನಿಂತಾಗ ಜನ ತನ್ನ ಕಾಲು ನೋಡುತ್ತಿದ್ದರು.

ಇನ್ನು ನೋಡಲು ಬರುವವರು. ಮೊದಲ ಹತ್ತು ದಿನ ಸಂಜೆ ಐದರಿಂದ ಏಳರ ತನಕ ಮನೆ ತುಂಬ ಜನ. ಪ್ರತಿಯೊಬ್ಬರಿಗೂ ಏಳನೆಯ ಸ್ಥಳದ ಹತ್ತಿರ ಏನಾಯಿತು ಎಂದು ಮೊದಲಿನಿಂದ ಹೇಳಬೇಕು. ಹೆಂಡತಿ ಚಹಾ ಮಾಡಬೇಕು. ಮೇಸ್ತ್ರಿಗೆ ದಿನಕ್ಕೆ ಒಂದು ಲೀಟರಿನೊಳಗೆ ನೀರು. ಅದರಲ್ಲಿ ಚಹಾ, ಗಂಜಿಯ ತಿಳಿ, ಮಾತ್ರೆ ನುಂಗುವ ಗುಟುಕು ಎಲ್ಲ ಬಂತು. ಬಾಯಾರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡವರ ಎದುರು ಕೂತು ನಾವು ಲೋಟಗಟ್ಟಲೆ ಚಹಾ ಕುಡಿದು, "ದೇವರಿದ್ದಾನೆ, ಗುಣವಾಗುತ್ತದೆ" ಎಂದು ಬರುತ್ತಿದ್ದೆವು. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು ಎಂದು ಬೈಬಲ್ಲಿನಲ್ಲಿದೆ. ಅವರು ಕೆಟ್ಟದ್ದು ಬಾಯಿ ಬಿಟ್ಟ ಮೇಲೆ. ನಾವು ಆ ಏಳು ದಿನವನ್ನು ಬಿಟ್ಟು ನೇರವಾಗಿ ಬಾಯಿ ಬಿಡುವಲ್ಲಿಗೆ ಬಂದಿದ್ದೆವು.

ಹನ್ನೊಂದನೆಯ ದಿನದಿಂದ ಯಾರೂ ಇಲ್ಲ. ಇದನ್ನು ಉತ್ಪ್ರೇಕ್ಷೆ ಎಂದು ತಿಳಿಯಬೇಡಿ. ಈಸ್ಟರ್ ಬಂತು, ಶಾಲೆಗೆ ರಜೆ ಬಂತು, ಮದುವೆಗಳು ಬಂದವು. ಸಾಯುವ ಕಾಯಿಲೆಗೆ ಹೇಗೆ ನಡೆದುಕೊಳ್ಳಬೇಕು ಎಂದು ನಮಗೆ ಗೊತ್ತು: ತೇರ್ಸ್, ಪೆಟ್ಟಿಗೆ, ಏಳನೆಯ ದಿನದ ಪೂಜೆ, ತಿಂಗಳ ಪೂಜೆ. ಗುಣವಾಗುವ ಕಾಯಿಲೆಯೂ ಗೊತ್ತು. ಗುಣವೂ ಆಗದ, ಸಾವೂ ಬಾರದ, ಪ್ರತಿ ಮಂಗಳವಾರ ಶುಕ್ರವಾರ ಮತ್ತೆ ಮೊದಲಿನಿಂದ ಶುರುವಾಗುವ ಕಾಯಿಲೆಗೆ ನಮ್ಮಲ್ಲಿ ಯಾವ ರೂಢಿಯೂ ಇರಲಿಲ್ಲ.

ಈ ನಡುವೆ ಫಾದರ್ ಎಣ್ಣೆ ಹಚ್ಚುವ ಸಂಸ್ಕಾರ ಕೊಡಲು ಹೋದರು. ಅದು ಸಾಯುವವರಿಗೆ ಮಾತ್ರ ಅಲ್ಲ, ಕಾಯಿಲೆಯವರಿಗೆ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿ 60 ವರ್ಷವಾಯಿತು. ಎಣ್ಣೆ ಡಬ್ಬಿ ಹಿಡಿದು ಪಾದ್ರಿ ಒಳಗೆ ಹೋದದ್ದನ್ನು ಕಂಡ ನೆರೆಮನೆಯವರು ದುಬೈಯಲ್ಲಿದ್ದ ಮೇಸ್ತ್ರಿಯ ತಮ್ಮನಿಗೆ ಟಿಕೆಟ್ ಮಾಡಲು ಫೋನ್ ಮಾಡಿದರು.

ಫೋಟೋ

ಏಪ್ರಿಲ್ ಕೊನೆಯ ಒಂದು ಶುಕ್ರವಾರ ನಾನು ಜೊತೆಗೆ ಹೋಗಿದ್ದೆ. ಮೇಸ್ತ್ರಿ ಕಣ್ಣು ಮುಚ್ಚಿ ಮಲಗಿದ್ದರು, ಕುತ್ತಿಗೆಯ ನಳಿಕೆಯಿಂದ ರಕ್ತ ಯಂತ್ರಕ್ಕೆ ಹೋಗಿ ಬರುತ್ತಿತ್ತು. ಮನಸ್ಸು ತುಂಬಿ ಬಂತು. ಒಂದು ಫೋಟೋ ತೆಗೆದು ವಾಡೊದ ವಾಟ್ಸಾಪ್ ಗುಂಪಿಗೆ ಹಾಕಿದೆ: 'ನಮ್ಮ ಸಹೋದರನಿಗಾಗಿ ಪ್ರಾರ್ಥಿಸಿ'. ಕೈ ಮುಗಿದ ಚಿತ್ರಗಳು ಸುರಿದವು. ಸಂಜೆಯೊಳಗೆ ಅದು ಇಗರ್ಜಿಯ ಗುಂಪಿಗೆ, ಅಲ್ಲಿಂದ ಊರಿನ ಕ್ರಿಕೆಟ್ ಗುಂಪಿಗೆ, ಅಲ್ಲಿಂದ ಎಲ್ಲೆಲ್ಲಿಗೋ.

ಗೋಕರ್ಣದ ಕಡೆ ಒಬ್ಬರು ಹೊಸ ಮನೆಗೆ ಆರು ಬಾಗಿಲು ಹೇಳಿ ಮುಂಗಡ ಕೊಟ್ಟಿದ್ದರು. ಎರಡು ದಿನ ಬಿಟ್ಟು ಬಂದು ಬೇಸರದಿಂದಲೇ ಮುಂಗಡ ವಾಪಸ್ಸು ಕೇಳಿದರು. ಹಲಸಿನ ಹಲಗೆ ಆಗಲೇ ಕೊಯ್ಸಿ ಆಗಿತ್ತು.

ಮೇಸ್ತ್ರಿ ನನಗೆ ಏನೂ ಹೇಳಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ಅವ್ರು ಇನ್ನೂ ಸತ್ತಿಲ್ರೀ, ಸರ್."

ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ಧರ್ಮೋಪದೇಶದ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಅದು ದಾನ ಕೊಡುವವನ ಗರ್ವದ ಬಗ್ಗೆ ಎಂದು ಮಾತ್ರ ತಿಳಿದಿದ್ದೆ. ಪ್ರಾರ್ಥನೆಗೆ ಎಂದು ಹಂಚುವ ಸುದ್ದಿಯೂ ಸುದ್ದಿಯೇ. ಆ ಮಾತು ಪಡೆಯುವವನ ಅಂಗಡಿಯ ಬಗ್ಗೆಯೂ ಇರಬಹುದು ಎಂದು ಹೊಳೆದದ್ದು ಆಗ. ಫೋಟೋ ಅಳಿಸಿದೆ. ಅಳಿಸಿದ್ದರಿಂದ ಬಾಗಿಲ ಕೆಲಸ ವಾಪಸ್ಸು ಬರಲಿಲ್ಲ.

ಕನ್ನಡದಲ್ಲಿ ಒಂದು ಸಭೆ

ವಾಡೊ ಎಂದರೆ ಹತ್ತಿಪ್ಪತ್ತು ಮನೆಗಳ ಗುಂಪು. ನಮ್ಮದರಲ್ಲಿ 17 ಮನೆ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದಿ, ತೇರ್ಸ್ ಹೇಳಿ, ಏನಾದರೂ ವಿಷಯ ಇದ್ದರೆ ಮಾತಾಡುತ್ತೇವೆ. ಎರಡು ತಿಂಗಳು 'ಮೇಸ್ತ್ರಿಗೆ ಏನು ಮಾಡೋಣ' ಎಂದು ಚರ್ಚೆಯಾಗಿತ್ತು, ಕೊಂಕಣಿಯಲ್ಲಿ. ಮೇಸ್ತ್ರಿಯ ಹೆಂಡತಿ ಬಾಗಿಲ ಬಳಿ ಕೂತು ಕೇಳುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಅವರ ಗಂಡನ ಬಗ್ಗೆ, ಅವರ ಮನೆಯ ಬಗ್ಗೆ. ಅವರನ್ನು ಬಿಟ್ಟು ಎಲ್ಲರೂ ಮಾತಾಡಿದೆವು.

ಜೂನ್ ಮೊದಲ ವಾರ ನರ್ಸು ಹೇಳಿದಳು, ಈ ಸಲದ ಸಭೆ ತನ್ನ ಮನೆಯಲ್ಲಿ, ಕನ್ನಡದಲ್ಲಿ. ಓದಿಗೆ ಅವಳು ಆರಿಸಿದ್ದು ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ. ಮೊದಲ ಕ್ರೈಸ್ತ ಸಮುದಾಯದ ಮೊದಲ ಗೊಣಗಾಟ ಅದು, ಮತ್ತು ಅದು ಭಾಷೆಯದ್ದು: ಗ್ರೀಕ್ ಮಾತಾಡುವವರ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಪಾಲು ಸಿಗುತ್ತಿಲ್ಲ. ಹೀಬ್ರೂ ಮಾತಾಡುವವರು ಕೆಟ್ಟವರಾಗಿದ್ದರು ಎಂದು ಅಲ್ಲಿ ಎಲ್ಲೂ ಇಲ್ಲ. ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೇ. ಪರಿಹಾರಕ್ಕೆ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. "ಏಳೂ ಗ್ರೀಕ್ ಹೆಸರು, ನೋಡಿದಿರಾ?" ಎಂದಳು. ಯಾರಿಗೆ ಸಿಗುತ್ತಿರಲಿಲ್ಲವೋ ಅವರ ಕಡೆಯವರ ಕೈಗೇ ಸೌಟು ಕೊಟ್ಟರು. ಈ ಅಧ್ಯಾಯವನ್ನು ನಾನು ಓದದವನಲ್ಲ. ಹೆಸರುಗಳನ್ನು ಹಾರಿಸಿ ಓದುತ್ತಿದ್ದೆ.

ಆಮೇಲೆ ಅವಳು ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿ ಕೇಳಿದಳು: "ಅಕ್ಕಾ, ನಿಮಗೆ ಏನು ಬೇಕು?"

ತುಂಬ ಹೊತ್ತು ಉತ್ತರವಿಲ್ಲ. ಹೊರಗೆ ಮಳೆ. ಕೊನೆಗೆ, "ಏನ್ ಬೇಕಂತ ಮೊದಲ್ನೇ ಸಲ ಕೇಳೀರಿ. ಎಲ್ಲಿಂದ ಹೇಳ್ಲಿ?" ಎಂದರು. ಹೇಳತೊಡಗಿದ ಮೇಲೆ ನಿಲ್ಲಿಸಲಿಲ್ಲ. ರೊಕ್ಕದ ಮಾತು ಕೊನೆಗೆ ಬಂತು. ಮೊದಲು ಹೇಳಿದ್ದು ಮಂಗಳವಾರದ್ದು. ವಾರಕ್ಕೆ ಎರಡು ದಿನ ರಜೆ ಹಾಕಿದರೆ ಕಾರ್ಖಾನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಶುಕ್ರವಾರ ತಾನೇ ಹೋಗುತ್ತೇನೆ, ಮಂಗಳವಾರ ಯಾರಾದರೂ ಗಂಡಸರು ಜೊತೆಗೆ ಹೋದರೆ ಸಾಕು. ಆ ಎರಡು ಸಂಜೆ ದಯವಿಟ್ಟು ಯಾರೂ ನೋಡಲು ಬರಬೇಡಿ, ಅವರಿಗೆ ತಲೆ ಎತ್ತಲಿಕ್ಕೂ ಆಗುವುದಿಲ್ಲ. ಬಂದವರು ಚಹಾ ಕೇಳಬೇಡಿ. ಮತ್ತೆ ರಾತ್ರಿ. ರಾತ್ರಿ ಉಸಿರು ಹಿಡಿದರೆ ಯಾರಿಗೆ ಫೋನ್ ಮಾಡಲಿ? "ಎಲ್ಲಾರೂ 'ಏನಾದ್ರೂ ಆದ್ರ ಹೇಳ್ರಿ' ಅಂತೀರಿ. ಎರಡು ಗಂಟೆ ರಾತ್ರ್ಯಾಗ ಯಾರ ಹೆಸರು ಒತ್ಲಿ, ಅದನ್ನ ಹೇಳ್ರಿ."

ನೂರು ಪುಟದ ಒಂದು ನೋಟುಬುಕ್ಕು ತಂದು ಅವರ ಕೈಗೇ ಕೊಟ್ಟೆವು. ಯಾರು ಯಾವ ಮಂಗಳವಾರ, ಯಾರ ಫೋನು ರಾತ್ರಿ, ಯಾರ ಗಾಡಿ ಎಂಬುದನ್ನು ಬರೆಯುವವರು ಅವರೇ. ಸಭೆಯ ಕಾರ್ಯದರ್ಶಿಯಾದ ನನ್ನ ಕೈಯಲ್ಲಿ ಇರಬೇಕಿತ್ತು ಎಂದು ಒಂದಿಬ್ಬರಿಗೆ ಅನ್ನಿಸಿತು, ನನಗೂ ಸ್ವಲ್ಪ ಅನ್ನಿಸಿತು. ಒಂದೇ ಕರಾರು: ಹೋಗಲಾಗದಿದ್ದರೆ ಬದಲಿ ಜನವನ್ನು ನೀವೇ ಹುಡುಕಿ, ಆಕೆಗೆ ಫೋನ್ ಮಾಡಿ 'ನನಗಾಗುವುದಿಲ್ಲ' ಎನ್ನಬೇಡಿ.

ಆ ದಿನದ ತೇರ್ಸಿನಲ್ಲಿ ಮೂರನೆಯ ರಹಸ್ಯವನ್ನು (ಜಪಮಾಲೆಯ ಮೂರನೆಯ ಭಾಗವನ್ನು) ಅವರು ಮುನ್ನಡೆಸಿದರು. ಅವರು "ನಮೋ ಮರಿಯಾ, ವರಪ್ರಸಾದ ಪೂರ್ಣೆ" ಎಂದಾಗಲೆಲ್ಲ ನಮ್ಮ ಮುದುಕಿಯರು ಅಭ್ಯಾಸಬಲದಿಂದ "ಸಾಂತ್ ಮರಿಯೆ, ದೆವಾಚೆ ಮಾಯೆ" ಎಂದು ಉತ್ತರಿಸಿದರು. ಏನೂ ತೊಡಕಾಗಲಿಲ್ಲ.

ನಿಷೇಧದ ಎರಡು ತಿಂಗಳು

ವಾಡೊದಲ್ಲಿ ಮೂರು ಮನೆ ಬೋಟಿಗೆ ಹೋಗುವವರದು. ಕಾಣಿಕೆ ಎತ್ತಿದಾಗ ಹೆಚ್ಚು ಕೊಟ್ಟವರು ಅವರೇ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವಂತಿಲ್ಲ; ಆ ಎರಡು ತಿಂಗಳು ಅವರಿಗೆ ಕಾಸಿಲ್ಲ. ಮೇ ಕೊನೆಯಿಂದಲೇ ಅವರು ಮೇಸ್ತ್ರಿ ಮನೆಯ ಮುಂದೆ ಹಾದುಹೋಗುವುದನ್ನು ಬಿಟ್ಟು ಗದ್ದೆಯ ಅಂಚಿನಿಂದ ಹೋಗುತ್ತಿದ್ದರು. ಕೊಡಲಿಕ್ಕೆ ಏನೂ ಇಲ್ಲದೆ ಹೇಗೆ ಹೋಗುವುದು ಎಂಬ ನಾಚಿಕೆ. ಪಡೆಯುವವರ ನಾಚಿಕೆಯ ಬಗ್ಗೆ ಪ್ರವಚನಗಳಲ್ಲಿ ಕೇಳಿದ್ದೆ, ಕೊಡುವವರಿಗೂ ಇಂಥದೊಂದು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನೋಟುಬುಕ್ಕು ಬಂದಾಗ ಮೊದಲು ಹೆಸರು ಬರೆಸಿದವರು ಅವರು. ಜೂನ್, ಜುಲೈಯ ಮಂಗಳವಾರಗಳು ಹೆಚ್ಚುಕಡಿಮೆ ಅವರವೇ. ಖಾಲಿ ನಿಂತಿದ್ದ ಮೀನಿನ ಟೆಂಪೊಗೆ ಡೀಸೆಲ್ ಹಾಕಿದರೆ ಸಾಕಿತ್ತು.

ಮೀನಿನ ಟೆಂಪೊದಲ್ಲಿ ಮೇಸ್ತ್ರಿ ಒಳ್ಳೆಯ ಹುಮ್ಮಸ್ಸಿನಲ್ಲಿರುತ್ತಿದ್ದರಂತೆ. ಮಾರ್ಕನ ಸುವಾರ್ತೆಯಲ್ಲಿ ನಾಲ್ವರು ಒಬ್ಬ ಲಕ್ವಾ ಹೊಡೆದವನನ್ನು ಹೊತ್ತು ತಂದು, ಜನಸಂದಣಿಯಿಂದ ದಾರಿ ಸಿಗದೆ ಮನೆಯ ಮಾಡು (ಛಾವಣಿ) ತೆಗೆದು ಯೇಸುವಿನ ಮುಂದೆ ಇಳಿಸುತ್ತಾರಲ್ಲ, ಅದರ ಬಗ್ಗೆ ಅವರ ಒಂದೇ ಪ್ರಶ್ನೆ: "ಆ ಮಾಡನ್ನು ಆಮೇಲೆ ರಿಪೇರಿ ಮಾಡಿಕೊಟ್ಟವರು ಯಾರು? ಅದನ್ನು ಯಾಕೆ ಬರೆದಿಲ್ಲ?"

ಊಟದ ವಿಷಯದಲ್ಲಿ ನರ್ಸು ಹೆಂಗಸರನ್ನು ಕೂರಿಸಿ ಪಾಠ ಮಾಡಿದಳು. ಮಳೆಗಾಲದಲ್ಲಿ ನಮ್ಮ ಊಟವೇ ಒಣಮೀನು, ಉಪ್ಪಿನಕಾಯಿ, ಗಂಜಿ. ಉಪ್ಪು ಬಾಯಾರಿಕೆ ಹೆಚ್ಚಿಸುತ್ತದೆ, ಬಾಯಾರಿದರೆ ನೀರು, ನೀರು ಹೆಚ್ಚಾದರೆ ಅದು ಶ್ವಾಸಕೋಶಕ್ಕೆ. ಗಂಜಿ ಎಂದರೆ ನೀರೇ. ತರಕಾರಿ ಹೆಚ್ಚಿ ಬೇಯಿಸಿ ಆ ನೀರು ಚೆಲ್ಲಿ ಆಮೇಲೆ ಒಗ್ಗರಣೆ ಹಾಕಬೇಕು. "ರುಚಿ ಎಲ್ಲ ಹೋಯ್ತಲ್ಲ ಮಾರಾಯ್ತಿ" ಎಂದು ಒಬ್ಬಾಕೆ ನೊಂದುಕೊಂಡರು. ಆದರೂ ಬುಧವಾರ ಬುಧವಾರ ಅವರೇ ಕಳಿಸುತ್ತಿದ್ದರು.

ಎಡಗೈಗೆ ಫಿಸ್ತುಲಾ ಮಾಡಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳ ಎರಡನ್ನು ಜೋಡಿಸಿದ ಜಾಗ ಅದು. ಬೆರಳಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದ ಹಾಗೆ. ಆ ಗುಂಯ್ ನಿಂತರೆ ದಾರಿ ಮುಚ್ಚಿತು ಎಂದೇ ಅರ್ಥ. ಆ ಕೈಯಲ್ಲಿ ಭಾರ ಎತ್ತಬಾರದು, ಬಿಪಿ ನೋಡಿಸಬಾರದು, ಯಾರೂ ಒತ್ತಿ ಹಿಡಿಯಬಾರದು. ಪ್ರಾರ್ಥನಾ ಕೂಟದವರು ಬಂದು ಕೈಯಿಟ್ಟು ಪ್ರಾರ್ಥಿಸುವಾಗ ಒಬ್ಬರು ಭಾವಾವೇಶದಲ್ಲಿ ಅದೇ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ಅಂದಿನಿಂದ ಬಾಗಿಲಿಗೆ ಮಗಳು ಚೀಟಿ ಅಂಟಿಸಿದಳು: 'ತಲೆಯ ಮೇಲೆ ಮಾತ್ರ'.

ಜುಲೈ 16

ಅದು ಮಂಗಳವಾರ. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯನ್ನೂ, ಅಲ್ಲಿದ್ದ ಮನುಷ್ಯರನ್ನೂ ಗಂಗಾವಳಿಗೆ ತಳ್ಳಿದ ದಿನ. ಆ ದಿನ ಅಲ್ಲಿ ಸತ್ತವರ ಎದುರು ನಮ್ಮ ಕಷ್ಟ ಹೇಳಿಕೊಳ್ಳುವಂಥದ್ದಲ್ಲ. ಆದರೂ ಪ್ರಕರಣದ ಭಾಗವಾದ್ದರಿಂದ ಬರೆಯುತ್ತೇನೆ. ಟೆಂಪೊ ಹೊಳೆಯ ಈಚೆಗೇ ನಿಂತಿತು. ಕಾರವಾರದ ದಾರಿ ಮುಚ್ಚಿತು. ಹಿಂದಿನ ಡಯಾಲಿಸಿಸ್ ಆಗಿ ಆಗಲೇ ನಾಲ್ಕು ದಿನ.

ನರ್ಸು ದಕ್ಷಿಣದ ಕಡೆ ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದಳು. ಗುರುವಾರ ಬೆಳಿಗ್ಗೆ ಒಂದು ತುರ್ತು ಪಾಳಿ ಸಿಕ್ಕಿತು. ಅಲ್ಲಿಯ ತನಕ ನೀರು ಅರ್ಧಕ್ಕಿಳಿಸಿ, ತಲೆ ಎತ್ತರಿಸಿ ಮಲಗಿಸಿ ಎಂದಳು. ಬುಧವಾರ ರಾತ್ರಿ ಎರಡಕ್ಕೆ ಮೇಸ್ತ್ರಿಗೆ ಉಸಿರು ಸಿಕ್ಕಿಕೊಂಡಿತು. ನೋಟುಬುಕ್ಕಿನಲ್ಲಿ ಆ ರಾತ್ರಿಯ ಮೊದಲ ನಂಬರು ನನ್ನದು. ಮಳೆಗೆ ನಮ್ಮ ಕೇರಿಯ ನೆಟ್‌ವರ್ಕ್ ಹೋಗಿತ್ತು. ಎರಡನೆಯದು ಬೋಟಿನವರದು, ಎತ್ತಿದರು. ಟೆಂಪೊ ಕೆಸರಿನಲ್ಲಿ ಹೂತಿತ್ತು. ಅವರು ಓಡಿ ಪಕ್ಕದ ಕೇರಿಯ ಮುಸ್ಲಿಂ ಆಟೋದವರನ್ನು ಎಬ್ಬಿಸಿದರು. ಆತ ಅಂಗಿಯ ಗುಂಡಿ ಹಾಕುತ್ತಲೇ ಆಟೋ ಹೊರಡಿಸಿದರಂತೆ. ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿ ಬೆಳಗಿನ ತನಕ ಹಿಡಿದಿಟ್ಟರು. ನನಗೆ ಗೊತ್ತಾದದ್ದು ಏಳು ಗಂಟೆಗೆ, ಹಾಲಿಗೆ ಹೋದಾಗ. ಆಮೇಲೆ ಪ್ರತಿ ರಾತ್ರಿಗೆ ಮೂರು ನಂಬರು, ಮೂರು ಬೇರೆ ಬೇರೆ ಕಂಪನಿಯ ಸಿಮ್ಮು ಎಂದು ಆಕೆ ಪುಸ್ತಕದಲ್ಲಿ ಬರೆದುಕೊಂಡರು. ಆಟೋದವರ ಹೆಸರೂ ಪುಸ್ತಕದಲ್ಲಿದೆ. ಯಾವ ಬಾಡಿಗೆಯನ್ನೂ ಅವರು ಇದುವರೆಗೆ ಪೂರ್ತಿ ತೆಗೆದುಕೊಂಡಿಲ್ಲ.

ಆಗಸ್ಟ್‌ನಲ್ಲಿ ಹತ್ತಿರದ ಘಟಕದಲ್ಲೇ ಪಾಳಿ ಸಿಕ್ಕಿತು. ಅಲ್ಲಿ ಪಾಳಿ ಹೇಗೆ ಖಾಲಿಯಾಗುತ್ತದೆ ಎಂದು ಹೇಳಬೇಕಾಗಿಲ್ಲ. ಆ ಹಾಸಿಗೆಯಲ್ಲಿ ಮಲಗಿದ ಮೊದಲ ದಿನ ಮೇಸ್ತ್ರಿ ಯಾರ ಜೊತೆಗೂ ಮಾತಾಡಲಿಲ್ಲ.

ಪೆಟ್ಟಿಗೆ

ಮೊಂತಿ ಫೆಸ್ತಿನ (ಸೆಪ್ಟೆಂಬರಿನ ಮರಿಯಮ್ಮನ ಹುಟ್ಟುಹಬ್ಬದ) ಮುಂಚಿನ ವಾರ ವಾಡೊದ ಹಿರಿಯ ಅಜ್ಜಿ ತೀರಿಕೊಂಡರು. ಮೇಸ್ತ್ರಿಗೆ ತೊಂದರೆ ಕೊಡುವುದು ಬೇಡ ಎಂದು ನಾವೇ ಮಾತಾಡಿಕೊಂಡು ಪೇಟೆಯಿಂದ ಸಿದ್ಧ ಪೆಟ್ಟಿಗೆ ತರಿಸಿದೆವು. ಹಿತ್ತಾಳೆ ಬಣ್ಣದ ಪ್ಲಾಸ್ಟಿಕ್ ಹಿಡಿಕೆ, ಒಳಗೆ ಹೊಳೆಯುವ ಬಟ್ಟೆ. ಮೇಸ್ತ್ರಿ ಸಾವಿನ ಮನೆಗೆ ಬಂದು ಅದನ್ನು ನೋಡಿದರು. ಒಂದು ಮೂಲೆಯನ್ನು ಬೆರಳಲ್ಲಿ ತಟ್ಟಿದರು. ಆಮೇಲೆ ಆ ಜನದ ಮಧ್ಯೆಯೇ ನನ್ನ ಮೇಲೆ ರೇಗಿದರು. ಅವರು ದನಿ ಎತ್ತಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅಳತೆ ತೆಗೆಯಲಿಕ್ಕೆ ಎಡಗೈ ಯಾಕೆ ಬೇಕಿತ್ತು? ನನ್ನ ಅಮ್ಮನಿಗೆ ಪೆಟ್ಟಿಗೆ ಮಾಡುವಾಗ ದೀಪ ಹಿಡಿದವಳು ಇವಳು!"

ಗಲಾತ್ಯರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಪೌಲ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಿರಿ ಎನ್ನುತ್ತಾನೆ. ಎಲ್ಲ ಧರ್ಮಕೇಂದ್ರಗಳ ಗೋಡೆಯ ಮೇಲೂ ಈ ವಾಕ್ಯ ಇರುತ್ತದೆ. ಮೂರೇ ವಚನ ಬಿಟ್ಟು ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು ಎನ್ನುತ್ತಾನೆ. ಅದನ್ನು ಯಾರೂ ಗೋಡೆಗೆ ಬರೆಸುವುದಿಲ್ಲ. ಗ್ರೀಕಿನಲ್ಲಿ ಎರಡೂ ಕಡೆ ಶಬ್ದ ಬೇರೆ: ಮೊದಲನೆಯದು ಬಾರೋಸ್, ಜಗ್ಗುವ ಭಾರ. ಎರಡನೆಯದು ಫೋರ್ಟಿಯೋನ್, ಒಬ್ಬೊಬ್ಬನ ಪಾಲಿಗೆ ಬಂದ ಹೊರೆ. 'ನನ್ನ ಹೊರೆ ಹಗುರ' ಎಂದು ಯೇಸು ಹೇಳುವಲ್ಲಿ ಮತ್ತಾಯನು ಬಳಸುವ ಶಬ್ದವೂ ಅದೇ. ಇದನ್ನು ನನಗೆ ವಿವರಿಸಿದ ಫಾದರ್ ಬೇರೊಂದು ಇಗರ್ಜಿಗೆ ವರ್ಗವಾಗಿ ಹೋದರು. ಮಂಗಳವಾರದ ದಾರಿ ಬಾರೋಸ್, ಅದನ್ನು ಹೊತ್ತೆವು. ಅಜ್ಜಿಯ ಪೆಟ್ಟಿಗೆ ಮೇಸ್ತ್ರಿಯ ಫೋರ್ಟಿಯೋನ್. ಕನಿಕರದಿಂದ ಅದನ್ನೂ ಕಿತ್ತುಕೊಂಡಿದ್ದೆವು.

ಈಗ ವಾಡೊದ ಇಬ್ಬರು ಹುಡುಗರು ಭಾನುವಾರ ಅವರ ಹತ್ತಿರ ಹೋಗುತ್ತಾರೆ. ಮೇಸ್ತ್ರಿ ಕುರ್ಚಿಯಲ್ಲಿ ಕೂತು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಾರೆ, ಹುಡುಗರು ಕೊಯ್ಯುತ್ತಾರೆ, ಬೈಸಿಕೊಳ್ಳುತ್ತಾರೆ. ಆಮೇಲೆ ಎರಡು ಪೆಟ್ಟಿಗೆ ಆಗಿವೆ, ಕ್ರಿಸ್ಮಸ್ಸಿಗೆ ಇಗರ್ಜಿಯ ಗೋದಲಿ ಆಗಿದೆ. ಬಾಗಿಲ ಕೆಲಸಗಳೂ ಒಂದೊಂದಾಗಿ ಬರುತ್ತಿವೆ.

ಸರಿಹೋಗದವು

ಪುಸ್ತಕದಲ್ಲಿ ಮೊದಲು 17 ಮನೆಯ ಹೆಸರಿತ್ತು. ಒಂಬತ್ತು ತಿಂಗಳಲ್ಲಿ ಆರಕ್ಕೆ ಇಳಿಯಿತು. ಬಿಟ್ಟವರನ್ನು ದೂರುವುದಿಲ್ಲ, ಒಬ್ಬರ ಮನೆಯಲ್ಲಿ ಬಾಣಂತನ, ಒಬ್ಬರಿಗೆ ಗಲ್ಫಿನ ವೀಸಾ. ಒಂದಿಬ್ಬರು ಬರೀ ಬೇಸತ್ತರು, ಅದೂ ನಿಜ.

ವಿನ್ಸೆಂಟ್ ಸಭೆಯಿಂದ ತಿಂಗಳಿಗೆ ಇಷ್ಟು ಎಂದು ಲಕೋಟೆಯಲ್ಲಿ ಹೋಗುತ್ತದೆ, ಇಬ್ಬರು ಒಯ್ಯುತ್ತೇವೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಮ್ ಎಂಬ ಇಪ್ಪತ್ತರ ಹುಡುಗ ಗೆಳೆಯರ ಜೊತೆ ಈ ಸಭೆ ಶುರುಮಾಡಿದಾಗಿನಿಂದ ಮನೆಗೆ ಹೋಗುವುದೇ ಇದರ ಮೂಲ ಕೆಲಸ. ಮೊತ್ತವನ್ನು ಎಲ್ಲಿಯೂ ಹೇಳುವುದಿಲ್ಲ. ಹೊಸದಾಗಿ ಬಂದ ಫಾದರ್ ಒಳ್ಳೆಯ ಮನಸ್ಸಿನಿಂದಲೇ ಮತ್ತೆ ಹೆಸರು ಹೇಳಿ ಕಾಣಿಕೆ ಎತ್ತಲು ಹೊರಟಿದ್ದರು. ಸಾಕ್ರಿಸ್ತಿಯಲ್ಲಿ, ಪೂಜೆಗೆ ಸಿದ್ಧವಾಗುವ ಕೋಣೆಯಲ್ಲಿ, ಹಿಡಿದು ನಿಲ್ಲಿಸಬೇಕಾಯಿತು.

ಮೇಸ್ತ್ರಿಯ ಹೆಂಡತಿಗೆ ಅನುಭವಿಸಬೇಕಾಗಿ ಬಂದ ಎರಡು ಮಾತುಗಳನ್ನು ನಾನು ಮರೆಯಲಾರೆ. ಒಬ್ಬರು, ಇಗರ್ಜಿಯ ಅಂಗಳದಲ್ಲಿ: "ನೀನೇ ಒಂದು ಕಿಡ್ನಿ ಕೊಡಬಹುದಲ್ಲ?" 1994ರ ಕಾನೂನಿನಲ್ಲಿ ಹೆಂಡತಿ ಹತ್ತಿರದ ಬಂಧುವೇ, ಕೊಡಬಹುದು. ಆಕೆ ಆಗಲೇ ಪರೀಕ್ಷೆ ಮಾಡಿಸಿ, ತನ್ನದೇ ಬಿಪಿಯ ಕಾರಣ ವೈದ್ಯರು ಬೇಡವೆಂದದ್ದನ್ನು ಗಂಡನಿಗೂ ಹೇಳದೆ ನುಂಗಿಕೊಂಡಿದ್ದರು. ಇನ್ನೊಂದು, ಧ್ಯಾನಕೂಟವೊಂದರಲ್ಲಿ: ನಂಬಿಕೆ ಪೂರ್ತಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಗುಣವಾಗುತ್ತಿತ್ತು ಎಂದು. ಆ ವಾರ ಅವರು ಪೂಜೆಗೆ ಬರಲಿಲ್ಲ. ಮುಂದಿನ ವಾರ ಬಂದರು, ಯಾಕೆ ಬಂದಿರಿ ಎಂದು ಕೇಳುವ ಅಧಿಕಾರ ನಮಗ್ಯಾರಿಗೂ ಇರಲಿಲ್ಲ. ಈಗ ತಿಂಗಳಿಗೊಂದು ಭಾನುವಾರ ಒಂದು ಓದು ಕನ್ನಡದಲ್ಲಿ, ಅದನ್ನು ಅವರು ಓದುತ್ತಾರೆ. ಮುಗಿಸಿ ಹಿಂದಿನ ಬೆಂಚಿಗೇ ಹೋಗಿ ಕೂರುತ್ತಾರೆ.

ಮಗಳು ಶಿರಸಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ಅಲ್ಲಿ ಹಾಡುತ್ತಾಳಂತೆ. ನಮ್ಮ ಮಂಡಳಿಗೆ ತಿರುಗಿ ಬಂದಿಲ್ಲ.

ಕಳೆದ ಮಂಗಳವಾರ ನನ್ನ ಪಾಳಿ. ಹಿಂದಿನ ರಾತ್ರಿ ಮೇಸ್ತ್ರಿ ಫೋನ್ ಮಾಡಿ, "ಐದೂವರೆಗೆ ಬನ್ನಿ, ಬರಿಗೈಲಿ ಬನ್ನಿ" ಎಂದರು. ಬರುವಾಗ ಸಾಮಿಲ್ಲಿನ ಹತ್ತಿರ ಆಟೋ ನಿಲ್ಲಿಸಿದರು. ಇಗರ್ಜಿಯ ಪಕ್ಕದ ಬಾಗಿಲಿಗೆ ಹಲಗೆ ನೋಡಬೇಕಿತ್ತು. ಮುಖ ಬಿಳಿಚಿತ್ತು, ಎಡಗೈಗೆ ಹತ್ತಿಯ ಪಟ್ಟಿ. ಬಲಗೈ ಬೆರಳಿನ ಗೆಣ್ಣಿನಲ್ಲಿ ಹಲಗೆ ಹಲಗೆಯನ್ನೂ ಬಡಿದು ಕಿವಿಗೊಟ್ಟು, ಎಲ್ಲಕ್ಕಿಂತ ಕೆಳಗಿದ್ದ ಒಂದನ್ನು ಆರಿಸಿದರು. ನಾನು ಆಟೋದವರ ಮುಖ ನೋಡಿದೆ. "ಅವರಲ್ಲ, ನೀವು ಎತ್ತಿ" ಎಂದರು ಮೇಸ್ತ್ರಿ. ಎತ್ತಿದೆ. ಆಮೇಲೆ ಎರಡು ದಿನ ಸೊಂಟ ಹಿಡಿದು ಮಲಗಿದ್ದೆ. ಬುಧವಾರವೂ ಗುರುವಾರವೂ ಮೇಸ್ತ್ರಿ ಫೋನ್ ಮಾಡಿ ವಿಚಾರಿಸಿದರು. ಗುರುವಾರ ಸಂಜೆ ಆಟೋದವರ ಕೈಯಲ್ಲಿ ಎರಡು ಎಳನೀರು ಕಳಿಸಿದ್ದರು.